ಕುಂಡಗಳ ಕೆಳಗಿನ ಕೋಣೆ

ಯಡಿಯೂರು ಕೆರೆಯ ಹಿಂದಿನ ಗಲ್ಲಿಯಲ್ಲಿದ್ದ ಆ ಹಳೆಯ ಮನೆಯನ್ನು ಮೊದಲ ಸಲ ನೋಡಲು ಹೋದಾಗ, ದಲ್ಲಾಳಿ ಲಕ್ಕಪ್ಪ ನಡುಮನೆಯಲ್ಲಿ ನಿಂತು ಇನ್ನೂ ವಾಸ್ತುವಿನ ಮಾತು ಆಡುತ್ತಲೇ ಇದ್ದ. ದಾನಮ್ಮ ಅಷ್ಟರಲ್ಲಿ ಅಡುಗೆಮನೆ ದಾಟಿ ಹಿತ್ತಲಿಗೆ ಹೋಗಿಯಾಗಿತ್ತು. ಅಲ್ಲಿ ಮನೆಗೆ ಒರಗಿಕೊಂಡಂತೆ ಒಂದು ಉದ್ದನೆಯ ಕೋಣೆ. ಅದಕ್ಕೆ ತನ್ನದೇ ಬೇರೆ ಬಾಗಿಲು, ಬಾಗಿಲೆದುರಿಗೆ ಪಕ್ಕದ ಓಣಿಗೆ ತೆರೆಯುವ ಸಣ್ಣ ಗೇಟು. ಹೊರಗೆ ಏಪ್ರಿಲ್ ತಿಂಗಳ ಬಿಸಿಲು ನೆತ್ತಿ ಸುಡುತ್ತಿದ್ದರೂ ಒಳಗೆ ಕಾಲಿಟ್ಟರೆ ಮೈ ತಣ್ಣಗಾಗುವಷ್ಟು ತಂಪು. ನಡುವೆ ಒಂದು ಹಗ್ಗದ ಮಂಚ, ಅದರ ಮೇಲೆ ಮಡಚಿಟ್ಟ ಕಂಬಳಿ. ಉಳಿದದ್ದೆಲ್ಲ ಖಾಲಿ.

ಹಿಂದೆಯೇ ಬಂದ ಗಂಡ ಬಸವಂತನಿಗೆ ಅವಳು ಮೆಲ್ಲಗೆ ಹೇಳಿದಳು. "ಇಲ್ಲಿ ಸಾಲಾಗಿ ಒಲಿ ಹೂಡಬಹುದು ನೋಡ್ರಿ. ಗಿರಾಕಿ ಮನಿಯೊಳಗ ಬರೂದಾ ಬೇಡ. ಹಿಂಗ ಓಣಿ ಕಡೆಯಿಂದ ಬಂದು ಹಿಂಗ ಹೋಗ್ತಾರ."

ಆ ಕೋಣೆಯಲ್ಲಿ ಅವಳು ಅಷ್ಟು ಹೊತ್ತಿಗೇ ಮನಸ್ಸಿನಲ್ಲೇ ತನ್ನ ರೊಟ್ಟಿಯಂಗಡಿ ಇಟ್ಟಾಗಿತ್ತು.

ಇಂಡಿ ತಾಲೂಕಿನ ಕಡೆಯವರಾದ ಗಂಡ ಹೆಂಡತಿ ಬೆಂಗಳೂರಿಗೆ ಬಂದು ಬಿಟಿಎಂ ಲೇಔಟಿನಲ್ಲಿ ಬಾಡಿಗೆ ಮನೆ ಬದಲಿಸುತ್ತ ಹತ್ತು ವರ್ಷ ಕಳೆದಿದ್ದರು. ಬಸವಂತನಿಗೆ ಬನಶಂಕರಿಯ ಒಂದು ಔಷಧಿ ಸಗಟು ಮಳಿಗೆಯಲ್ಲಿ ಕೆಲಸ. ದಾನಮ್ಮ ಜೋಳದ ರೊಟ್ಟಿ ಮಾಡಿ ಮಾರುತ್ತಿದ್ದಳು. ಮೊದಮೊದಲು ಪಕ್ಕದ ಮನೆಯ ಹುಡುಗರಿಗೆ ಅಂತ ಮಾಡಿದ್ದು, ಆಮೇಲೆ ಬಾಯಿಂದ ಬಾಯಿಗೆ ಹಬ್ಬಿ, ಬಾಗಲಕೋಟೆ, ಗದಗ, ಕಲಬುರ್ಗಿ ಕಡೆಯಿಂದ ಬಂದು ಆಫೀಸುಗಳಲ್ಲಿ ದುಡಿಯುವವರೆಲ್ಲ ಸಂಜೆ ಅವಳ ಮೆಟ್ಟಿಲು ಹತ್ತುವಂತಾಯಿತು. ತೊಂದರೆ ಬಂದದ್ದು ಅಲ್ಲೇ. ಅವರದು ಮೊದಲನೇ ಮಹಡಿ, ಕೆಳಗೆ ಮನೆಯ ಮಾಲೀಕರು. ಬೆಳಗಿನಿಂದ ರೊಟ್ಟಿ ತಟ್ಟುವ ಸದ್ದು ಅವರ ತಲೆಯ ಮೇಲೇ ಬೀಳುತ್ತಿತ್ತು. ಮಾಲೀಕರು ಕೆಟ್ಟವರೇನಲ್ಲ. "ದಾನಮ್ಮ, ನಮಗೂ ವಯಸ್ಸಾಯ್ತು, ತಲೆನೋವು ಬರತ್ತೆ. ರೊಟ್ಟಿ ಬಿಡಿ, ಇಲ್ಲಾಂದ್ರೆ ಬೇರೆ ಮನೆ ನೋಡ್ಕೊಳ್ಳಿ," ಎಂದು ಸಮಾಧಾನದಿಂದಲೇ ಹೇಳಿದ್ದರು. ಹಿಂದಿನ ಮನೆಯವರೂ ಇದನ್ನೇ ಹೇಳಿದ್ದರು. ಹೀಗಾಗಿ ಎರಡು ಸಾವಿರದ ಎರಡರ ಆ ಬೇಸಿಗೆಯಲ್ಲಿ, ಕೂಡಿಟ್ಟದ್ದನ್ನೂ ಬ್ಯಾಂಕಿನ ಸಾಲವನ್ನೂ ನಂಬಿಕೊಂಡು ಸ್ವಂತ ಮನೆ ಹುಡುಕಲು ಹೊರಟಿದ್ದರು. ಹೊಸ ಮನೆ ಕೈಗೆ ಎಟಕುವಂತಿರಲಿಲ್ಲ. ಹಳೆಯದೇ ಆಗಬೇಕಿತ್ತು.

ಯಡಿಯೂರಿನ ಮನೆಯ ಒಡೆಯ ತಿಮ್ಮರಾಯಪ್ಪ ತೋಟಗಾರಿಕೆ ಇಲಾಖೆಯಲ್ಲಿ ದುಡಿದು ನಿವೃತ್ತರಾದವರು. ಹೆಂಡತಿ ತೀರಿಕೊಂಡು ಬಹಳ ವರ್ಷವಾಗಿತ್ತು, ಮಕ್ಕಳಿರಲಿಲ್ಲ. ಆದರೆ ಒಬ್ಬಂಟಿತನದ ದುಃಖವನ್ನು ಹೊತ್ತು ತಿರುಗುವ ಆಸಾಮಿ ಅವರಾಗಿರಲಿಲ್ಲ. ಕನಕಪುರ ರಸ್ತೆಯಾಚೆ ಒಂದು ತುಂಡು ಜಮೀನು ಹಿಡಿದಿದ್ದರು. ಮನೆ ಮಾರಿ ಅಲ್ಲೊಂದು ನರ್ಸರಿ ಮಾಡುವ ಹುಮ್ಮಸ್ಸು ಅವರ ಮಾತಿನಲ್ಲೆಲ್ಲ ತುಂಬಿತ್ತು. ಸದ್ಯಕ್ಕೆ ಅವರ ನರ್ಸರಿ ಹಿಂದಿನ ಕೋಣೆಯ ತಾರಸಿಯ ಮೇಲಿತ್ತು. ಗುಲಾಬಿ, ದಾಸವಾಳ, ಜರಿಗಿಡ, ಹೆಸರೇ ಗೊತ್ತಿಲ್ಲದ ಬಳ್ಳಿಗಳು, ಒಂದಕ್ಕೊಂದು ತಾಗುವ ಹಾಗೆ ಕುಂಡಗಳು.

"ಕೆಳಗೆ ಅಷ್ಟು ತಂಪಿದ್ಯಲ್ಲ, ಅದಕ್ಕೆ ಇವೇ ಕಾರಣ," ಎಂದು ಅವರು ಹೆಮ್ಮೆಯಿಂದ ಮೇಲೆ ತೋರಿಸಿದರು. "ಬೇಸಿಗೆಲಿ ಮಧ್ಯಾಹ್ನ ನಾನು ಇಲ್ಲೇ ಮಲಗೋದು. ಫ್ಯಾನೇ ಬೇಡ."

ಬಸವಂತನ ಕಣ್ಣು ಮಾತ್ರ ಬೇರೆ ಕಡೆ ಇತ್ತು. ನಡುಮನೆಯ ಕಿಟಕಿಯ ಮೇಲೆ ಸೂರಿನತನಕ ಓರೆಯಾಗಿ ಹೋದ ಒಂದು ಬಿರುಕು ಅವನನ್ನು ಬಿಡಲಿಲ್ಲ. ಲಕ್ಕಪ್ಪ ಅದರ ಮೇಲೆ ಅಂಗೈ ಸವರಿ, "ಪೇಂಟ್ ಹೊಡೆದ್ರೆ ಕಾಣೋದೇ ಇಲ್ಲ ಸಾರ್," ಎಂದ. ಕಾಣದಂತೆ ಮಾಡುವುದೇ ಬಸವಂತನಿಗೆ ಹೆದರಿಕೆಯ ಸಂಗತಿಯಾಗಿ ತೋರಿತು. ಆದರೂ ಹೆಂಡತಿಯ ಮುಖ ನೋಡಿ, ಮುಂದಿನ ಸೋಮವಾರ ಅಡ್ವಾನ್ಸ್ ಕೊಡುವುದಾಗಿ ಒಪ್ಪಿಕೊಂಡ.

ರೊಟ್ಟಿಯ ಗಿರಾಕಿಗಳಲ್ಲಿ ಉಮಾಶ್ರೀ ಎಂಬ ಹುಬ್ಬಳ್ಳಿಯ ಹುಡುಗಿಯೊಬ್ಬಳಿದ್ದಳು. ಸಿವಿಲ್ ಎಂಜಿನಿಯರ್. ಜೆ.ಪಿ. ನಗರದ ಒಂದು ಆಫೀಸಿನಲ್ಲಿ, ಹಳೆಯ ಕಟ್ಟಡಗಳು ಎಷ್ಟು ಗಟ್ಟಿ ಇವೆ ಎಂದು ತಪಾಸಣೆ ಮಾಡಿ ವರದಿ ಕೊಡುವುದು ಅವಳ ಕೆಲಸ. ಆ ಶುಕ್ರವಾರ ಸಂಜೆ ರೊಟ್ಟಿಗೆ ಬಂದವಳಿಗೆ ದಾನಮ್ಮ ಮನೆಯ ಸುದ್ದಿ ಹೇಳಿದಳು. ಹುಡುಗಿ ಖುಷಿಪಡುತ್ತಾಳೆ ಅಂದುಕೊಂಡಿದ್ದರೆ, ಅವಳು ಕೇಳಿದ್ದೇ ಬೇರೆ.

"ಅಡ್ವಾನ್ಸ್ ಕೊಟ್ಟೀರೇನಕ್ಕಾ?"

"ಸೋಮವಾರ ಕೊಡೂದೈತಿ. ವಕೀಲರು ಕಾಗದಾ ಎಲ್ಲಾ ನೋಡ್ಯಾರ."

"ವಕೀಲರು ಕಾಗದಾ ನೋಡ್ತಾರ. ಗ್ವಾಡಿ ಯಾರು ನೋಡ್ತಾರ? ನಾಳೆ ನನಗ ರಜಾ ಐತಿ. ಒಮ್ಮೆ ಪೂರಾ ಮನಿ ನೋಡಿ ಬರ್ತೀನಿ. ನೀವು ಬ್ಯಾಡ ಅಂದ್ರೂ ಬರ್ತೀನಿ."

ದಾನಮ್ಮ ಕೂಡಲೇ ಹೂಂ ಅನ್ನಲಿಲ್ಲ. ಹಿಟ್ಟಿನ ಕೈಯನ್ನು ಸೆರಗಿಗೆ ಒರೆಸಿಕೊಂಡಳು. ಮನಸ್ಸಿಗೆ ಬಂದ ಮನೆ ಇಷ್ಟು ವರ್ಷಗಳಲ್ಲಿ ಇದೊಂದೇ. ಕೆದಕಿ ನೋಡಿದರೆ ಏನಾದರೂ ದೋಷ ಸಿಕ್ಕಿಬಿಡಬಹುದು. ಆದರೆ ಅಡುಗೆಮನೆಯ ಬಾಗಿಲಲ್ಲಿ ಬಸವಂತ ನಿಂತಿದ್ದ. "ಬರ್ಲಿ ಬಿಡು. ಆ ಬಿರುಕು ಒಂದೀಟು ನೋಡ್ಲಿ," ಎಂದ.

ಶನಿವಾರ ದಾನಮ್ಮ, ಬಸವಂತ, ಲಕ್ಕಪ್ಪನ ಜೊತೆ ಉಮಾಶ್ರೀ ಯಡಿಯೂರಿನ ಮನೆಗೆ ಬಂದದ್ದು ಜೀನ್ಸ್ ಪ್ಯಾಂಟು ತೊಟ್ಟು, ಹೆಗಲಿಗೊಂದು ಚೀಲ ಹಾಕಿಕೊಂಡು. ಚೀಲದಲ್ಲಿ ಟಾರ್ಚು, ಸಣ್ಣ ಸುತ್ತಿಗೆ, ತೂಕದ ಗುಂಡು ಕಟ್ಟಿದ ದಾರ, ಸ್ಕ್ರೂಡ್ರೈವರ್, ಒಂದು ಕನ್ನಡಿ, ಕ್ಯಾಮೆರಾ. ತಿಮ್ಮರಾಯಪ್ಪ ಮೊದಲು ನಕ್ಕರು. "ಹೆಣ್ಣು ನೋಡೋಕೆ ಬಂದ್ಹಾಗೆ ಬಂದಿದ್ದೀರಲ್ಲಮ್ಮಾ, ನೋಡಿ ನೋಡಿ," ಎಂದು ಕುರ್ಚಿ ಹಾಕಿ ಕೂತರು. ಅರ್ಧ ಗಂಟೆಯಾದರೂ ಅವಳು ಮುಂದಿನ ಗೋಡೆ ಬಿಟ್ಟು ಕದಲದಿದ್ದಾಗ ಕುರ್ಚಿಯಿಂದೆದ್ದು ಹಿಂದೆ ಹಿಂದೆ ನಡೆಯತೊಡಗಿದರು.

ಅವಳು ನೋಡದೆ ಬಿಟ್ಟ ಜಾಗವಿರಲಿಲ್ಲ. ದಾರ ಇಳಿಬಿಟ್ಟು ಗೋಡೆ ನೆಟ್ಟಗಿದೆಯೇ ಎಂದು ನೋಡಿದಳು. ಬಾಗಿಲುಗಳನ್ನು ತೆಗೆದು ಹಾಕಿ, ಚೌಕಟ್ಟು ಎಲ್ಲಿ ಹಿಡಿಯುತ್ತದೆಂದು ನೋಡಿದಳು. ಚೌಕಟ್ಟಿನ ಬುಡಕ್ಕೆ ಸ್ಕ್ರೂಡ್ರೈವರ್ ಚುಚ್ಚಿ ಗೆದ್ದಲು ಹುಡುಕಿದಳು. ಚರಂಡಿಯ ಮುಚ್ಚಳ ತೆಗೆಸಿ ಒಂದು ಬಕೆಟ್ ನೀರು ಹಾಕಿಸಿ, ಅದು ಹರಿದುಹೋಗುವುದನ್ನು ಮೊಣಕಾಲೂರಿ ಕೂತು ನೋಡಿದಳು. ಹೊರಗೆ ತಳಪಾಯದ ಮಣ್ಣನ್ನು ಒಂದಿಷ್ಟು ಕೆದಕಿ ಕಲ್ಲು ಕಾಣುವಂತೆ ಮಾಡಿದಳು. ಕೊನೆಗೆ ಸ್ಟೂಲು ಹತ್ತಿ, ಬಸವಂತ ಬೆಳಗಿನಿಂದ ಕಾಯುತ್ತಿದ್ದ ಬಿರುಕಿಗೆ ಟಾರ್ಚು ಹಿಡಿದಳು.

"ಅಣ್ಣಾ, ಇಲ್ಲಿ ಬರ್ರಿ. ಒಳಗ ಏನು ಕಾಣ್ತೈತಿ?"

ಬಸವಂತ ಇಣುಕಿದ. "ಬಣ್ಣಾ ಐತಿ. ಹಸರು. ಅದರ ಕೆಳಗ ಸುಣ್ಣಾ."

"ಅಂದ್ರ ಈ ಬಿರುಕು ಎಷ್ಟೋ ಸಲ ಬಣ್ಣಾ ಕುಡದೈತಿ. ಭಾಳ ಹಳೇದು. ಮನಿ ಕಟ್ಟಿದ ಹೊಸದರಾಗ ಪಾಯಾ ಒಂದೀಟು ಕುಸದಾಗ ಬಿದ್ದದ್ದು, ಆಮ್ಯಾಲೆ ಬೆಳದಿಲ್ಲ. ಈ ಗ್ವಾಡಿಗೆ ಏನೂ ಆಗೂದಿಲ್ಲ."

ಬಸವಂತನ ಮುಖ ಅಷ್ಟು ಹಗುರಾದದ್ದನ್ನು ದಾನಮ್ಮ ಬಹಳ ದಿನಗಳಿಂದ ನೋಡಿರಲಿಲ್ಲ. ತಿಮ್ಮರಾಯಪ್ಪ ಗೋಡೆ ತಟ್ಟಿ, "ಕಲ್ಲಿನ ಮನೆ ಕಣಮ್ಮಾ. ನಮ್ಮಪ್ಪ ಕಟ್ಟಿಸಿದ್ದು," ಎಂದರು. ಎಲ್ಲರೂ ನಗುನಗುತ್ತಲೇ ಹಿಂದಿನ ಕೋಣೆಗೆ ಹೋದರು.

ಅಲ್ಲಿ ಉಮಾಶ್ರೀ ಸೂರಿನತ್ತ ಟಾರ್ಚು ಹಿಡಿದಳು. ಮೊದಲು ಮೂಲೆಯಲ್ಲಿ ಕಂದುಬಣ್ಣದ ಕಲೆಗಳನ್ನು ನೋಡಿದಳು. ಆಮೇಲೆ ಸ್ಟೂಲು ಹತ್ತಿ ಸುತ್ತಿಗೆಯಿಂದ ಸೂರನ್ನು ಮೆಲ್ಲಗೆ ತಟ್ಟುತ್ತ ಬಂದಳು. ಗೋಡೆಯ ಹತ್ತಿರ ಟಣ್ ಎನ್ನುತ್ತಿದ್ದ ಸದ್ದು ನಡುವಿಗೆ ಬರುತ್ತಿದ್ದಂತೆ ಡಬ್ ಡಬ್ ಎಂದು ಪೊಳ್ಳಾಯಿತು. ಕೆಳಗೆ ನಿಂತಿದ್ದ ದಾನಮ್ಮನಿಗೂ ಅದು ಕೇಳಿಸಿತು. ಉಮಾಶ್ರೀ ತಟ್ಟುವುದನ್ನು ಅಲ್ಲಿಗೇ ನಿಲ್ಲಿಸಿ, ಕೆಳಗಿಳಿದು, ಎಲ್ಲರನ್ನೂ ಹೊರಗೆ ಕರೆದಳು.

"ಅಂಕಲ್, ಈ ಕೋಣೆ ಯಾವಾಗ ಕಟ್ಟಿದ್ದು?"

"ಎಂಬತ್ತರ ಆಸುಪಾಸು. ನಾನೇ ಕಟ್ಟಿಸಿದೆ. ಯಾಕೆ?"

"ಮುಂದಿನ ಮನೆ ಚೆನ್ನಾಗಿದೆ. ಇದರ ಸೂರು ಹೋಗಿದೆ ಅಂಕಲ್. ಮೇಲಿನ ಕುಂಡದ ನೀರು ವರ್ಷಗಟ್ಟಲೆ ಒಳಗೆ ಇಳಿದು ಕಬ್ಬಿಣದ ಸರಳೆಲ್ಲ ತುಕ್ಕು ಹಿಡಿದು ಉಬ್ಬಿದೆ. ಕಾಂಕ್ರೀಟು ಸರಳಿನಿಂದ ಬಿಟ್ಟುಹೋಗಿದೆ. ಮೇಲೆ ಅಷ್ಟು ಭಾರ ಬೇರೆ. ದಯವಿಟ್ಟು ಇನ್ನು ಇಲ್ಲಿ ಮಲಗಬೇಡಿ."

ತಿಮ್ಮರಾಯಪ್ಪನವರ ಮುಖದ ನಗು ಹೊರಟುಹೋಯಿತು. "ನೋಡಮ್ಮ, ದಿನಾ ಬೆಳಗ್ಗೆ ನಾನು ಅದರ ಮೇಲೆ ಓಡಾಡಿ ನೀರು ಹಾಕ್ತೀನಿ. ದಿನಾ ಮಧ್ಯಾಹ್ನ ಕೆಳಗೆ ಮಲಗ್ತೀನಿ. ಏನೂ ಆಗಿಲ್ಲ. ಬೆಲೆ ಇಳಿಸ್ಬೇಕು ಅಂದ್ರೆ ನೇರವಾಗಿ ಕೇಳಬೇಕು. ಗಿಡದ ಮೇಲೆ ಯಾಕೆ ಹಾಕ್ತೀರಿ?"

"ಬೆಲಿ ಮಾತು ನಾವು ಆಡೇ ಇಲ್ರಿ," ಎಂದಳು ದಾನಮ್ಮ.

"ಆಡೋದು ಬೇಡಮ್ಮ. ಈ ಮನೆ ನಿಮಗಾಗಲ್ಲ ಬಿಡಿ," ಎಂದು ಅವರು ಒಳಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡರು. ಲಕ್ಕಪ್ಪ ಬೀದಿಯವರೆಗೆ ಜೊತೆಗೆ ಬಂದ. "ಕೈಗೆ ಬಂದಿದ್ದನ್ನ ಹಾಳು ಮಾಡ್ಕೊಂಡ್ರಲ್ಲ ಮೇಡಂ. ಶ್ರೀನಗರದ ಒಂದು ಪಾರ್ಟಿ ರೆಡಿ ಇದೆ. ಅವರು ಇದನ್ನೆಲ್ಲ ಕೇಳೋದೇ ಇಲ್ಲ," ಎಂದು ಸ್ಕೂಟರ್ ಹತ್ತಿ ಹೊರಟ.

ಬಸ್ಸಿನಲ್ಲಿ ಬಸವಂತ, "ಬಿಡು, ಬ್ಯಾರೆ ನೋಡೂಣು. ತಪ್ಪಿದ್ದು ಛಲೋನ ಆತು," ಎಂದ. ದಾನಮ್ಮ ಕಿಟಕಿಯ ಕಡೆ ಮುಖ ಮಾಡಿ ಕೂತಳು. ಅವಳಿಗೆ ಉಮಾಶ್ರೀಯ ಮೇಲೆ ಸಿಟ್ಟು ಬಂದಿತ್ತು. ಅದು ನ್ಯಾಯವಲ್ಲ ಎಂದು ಗೊತ್ತಿದ್ದೂ ಬಂದಿತ್ತು. ಮನೆಯಲ್ಲಿ ಉಳಿದದ್ದೆಲ್ಲ ಕೆಟ್ಟಿದ್ದರೂ ಅವಳಿಗೆ ಇಷ್ಟು ಬೇಸರವಾಗುತ್ತಿರಲಿಲ್ಲವೇನೋ. ಕೆಟ್ಟದ್ದು ಅವಳಿಗೆ ಬೇಕಾಗಿದ್ದ ಕೋಣೆಯೇ.

ಭಾನುವಾರ ಸಂಜೆ ಉಮಾಶ್ರೀ ಟೈಪು ಮಾಡಿದ ವರದಿಯನ್ನು ತಂದುಕೊಟ್ಟಳು. ದಾನಮ್ಮ ಮಾತಿಲ್ಲದೆ ರೊಟ್ಟಿ ಕಟ್ಟಿಕೊಟ್ಟಳು. ಹುಡುಗಿ ಅದನ್ನು ಗಮನಿಸದಂತೆ, ಇಂಗ್ಲಿಷಿನಲ್ಲಿದ್ದದ್ದನ್ನು ಕನ್ನಡದಲ್ಲಿ ಬಿಡಿಸಿ ಹೇಳಿದಳು. ಮುಂಭಾಗದ ಮನೆ ಇನ್ನೂ ಬಹುಕಾಲ ಬಾಳುತ್ತದೆ. ವೈರಿಂಗ್ ಬದಲಿಸಬೇಕು, ಬಚ್ಚಲಿನ ಪೈಪು ಬದಲಿಸಬೇಕು. ಹಿಂದಿನ ಕೋಣೆಯನ್ನು ರಿಪೇರಿ ಮಾಡಿ ಉಳಿಸಿಕೊಳ್ಳಲಾಗದು, ಕೆಡವಬೇಕು. ಕೊನೆಯಲ್ಲಿ ಒಂದು ಸಾಲನ್ನು ದಪ್ಪಕ್ಷರದಲ್ಲಿ ಹಾಕಿದ್ದಳು. ಮನೆ ಮಾರಾಟವಾಗಲಿ ಬಿಡಲಿ, ತಾರಸಿಯ ಮೇಲಿನ ಭಾರವನ್ನು ಕೂಡಲೇ ಇಳಿಸತಕ್ಕದ್ದು.

"ಅವರಿಗೂ ಒಂದು ಪ್ರತಿ ಕೊಡಾಕ ಹೋಗಿದ್ದೆ ಅಕ್ಕಾ. ಬಾಗಲಾನ ತಗೀಲಿಲ್ಲ," ಎಂದಳು.

ಮರುದಿನ ಬೆಳಿಗ್ಗೆ ಹಿಟ್ಟು ನಾದುವಾಗ ದಾನಮ್ಮನ ತಲೆಯೊಳಗೆ ಆ ಸಾಲೇ ತಿರುಗುತ್ತಿತ್ತು. ಮನೆ ಕೈತಪ್ಪಿದ್ದಕ್ಕೆ ತಾನು ಇಷ್ಟೆಲ್ಲ ಮರುಗುತ್ತಿದ್ದೇನೆ, ಆ ಮನುಷ್ಯ ಇವತ್ತೂ ಮಧ್ಯಾಹ್ನ ಊಟ ಮಾಡಿ ಅದೇ ಹಗ್ಗದ ಮಂಚದ ಮೇಲೆ ಮಲಗುತ್ತಾನೆ. ನಾದಿದ ಹಿಟ್ಟಿನ ಮೇಲೆ ತಟ್ಟೆ ಮುಚ್ಚಿ, ಸೀರೆ ಬದಲಿಸಿ, ವರದಿಯನ್ನು ಕೈಚೀಲಕ್ಕೆ ಹಾಕಿಕೊಂಡು ಯಡಿಯೂರಿನ ಬಸ್ಸು ಹಿಡಿದಳು.

ತಿಮ್ಮರಾಯಪ್ಪ ಮನೆ ಮುಂದೆ ಕಸ ಗುಡಿಸುತ್ತಿದ್ದರು. ಅವಳನ್ನು ಕಂಡು ಪೊರಕೆ ನಿಲ್ಲಿಸಿದರು.

"ಮತ್ತೆ ಯಾಕಮ್ಮಾ ಬಂದ್ರಿ? ಶ್ರೀನಗರದವರು ಸಂಜೆ ಬರ್ತಿದಾರೆ."

"ಅವರಿಗೇ ಕೊಡ್ರಿ, ನನ್ನದೇನೂ ಇಲ್ಲ. ಮನಿ ಕೇಳಾಕ ಬಂದಿಲ್ಲ. ಆ ಕುಂಡ ಇಳಸ್ರಿ ಅಂತ ಹೇಳಾಕ ಬಂದೀನಿ."

"ಇಳಿಸಿ ಎಲ್ಲಿಡಲಿ? ನರ್ಸರಿಗೆ ನೆರಳು ಹಾಕೋವರೆಗೂ ಅವು ಮೇಲೇ ಇರಬೇಕು."

"ಹಿತ್ತಲದಾಗ ಇಡ್ರಿ. ಓಣಿಯೊಳಗ ಇಡ್ರಿ. ನಾನೂ ಹೊರತೀನಿ. ಮಂಚಾ ಒಂದು ಇವತ್ತ ಒಳಗ ಹಾಕ್ಕೊಳ್ರಿ, ಅಷ್ಟಾ."

ಅವಳು ಮನೆ ಬೇಡ ಎಂದದ್ದು ಅವರನ್ನು ಇನ್ನಷ್ಟು ಕೆರಳಿಸಿತೋ ಏನೋ. "ಬನ್ನಿ, ತೋರಿಸ್ತೀನಿ," ಎಂದು ದಾಪುಗಾಲು ಹಾಕುತ್ತ ಹಿತ್ತಲಿಗೆ ನಡೆದರು. ಗೋಡೆಗೊರಗಿಸಿದ್ದ ಸಲಿಕೆಯನ್ನು ಎತ್ತಿಕೊಂಡು ಕೋಣೆಯ ಹೊಸ್ತಿಲಲ್ಲಿ ನಿಂತರು. "ಆ ಹುಡುಗಿ ಸುತ್ತಿಗೆಲಿ ತಟ್ಟಿದ್ಳಲ್ಲ, ನಾನು ಇದರಲ್ಲಿ ಹೊಡೀತೀನಿ. ಏನಾಗತ್ತೆ ನೋಡೇಬಿಡೋಣ."

ದಾನಮ್ಮನಿಗೆ ಯೋಚಿಸಲು ಸಮಯವಿರಲಿಲ್ಲ. ಅವರು ಹೊಸ್ತಿಲು ದಾಟದಂತೆ ಹಿಂದಿನಿಂದ ಅಂಗಿಯನ್ನು ಗಟ್ಟಿಯಾಗಿ ಹಿಡಿದಳು. ಅವರು ಅಲ್ಲಿಂದಲೇ ಕೈ ಚಾಚಿ ಸಲಿಕೆಯ ಹಿಡಿಯನ್ನು ಸೂರಿಗೆ ಬಲವಾಗಿ ಗುದ್ದಿದರು. ಒಂದು ಸಲ, ಏನೂ ಆಗಲಿಲ್ಲ. ಅವರು ತಿರುಗಿ ನೋಡಿ ಏನೋ ಹೇಳಲು ಬಾಯಿ ತೆರೆದರು. ಒಳಗೆ ಕರಕರ ಎಂಬ ಸದ್ದಾಯಿತು. ದಾನಮ್ಮ ಇಡೀ ಮೈಯ ಭಾರ ಹಾಕಿ ಅವರನ್ನು ಹಿಂದಕ್ಕೆ ಎಳೆದಳು. ಇಬ್ಬರೂ ಹಿತ್ತಲ ಮಣ್ಣಿನಲ್ಲಿ ಬಿದ್ದರು. ಚಾಪೆಯಷ್ಟಗಲದ ಕಾಂಕ್ರೀಟು ಸೂರಿನಿಂದ ಕಳಚಿ ಧೊಪ್ಪನೆ ಮಂಚದ ಮೇಲೆ ಕುಸಿಯಿತು.

ಧೂಳು ನಿಧಾನವಾಗಿ ಇಳಿಯಿತು. ಮಂಚದ ಒಂದು ಕಾಲು ಮುರಿದು ಅದು ವಾಲಿತ್ತು. ಮಡಚಿಟ್ಟ ಕಂಬಳಿ ಕಾಣುತ್ತಲೇ ಇರಲಿಲ್ಲ. ಸೂರಿನಲ್ಲಿ ಸರಳುಗಳು ತೆರೆದುಕೊಂಡು, ಪದರ ಪದರವಾಗಿ ಎದ್ದ ತುಕ್ಕು ಹಳೆಯ ಮರದ ತೊಗಟೆಯಂತೆ ಜೋತಾಡುತ್ತಿತ್ತು.

ತಿಮ್ಮರಾಯಪ್ಪ ಕೂತಲ್ಲಿಂದಲೇ ಅದನ್ನು ನೋಡುತ್ತಿದ್ದರು. "ಬೇರು ಕೊಳೆತ ಗಿಡ ಹೀಗೇ," ಎಂದರು. "ಮೇಲೆ ಎಲೆ ಹಸಿರಾಗೇ ಇರತ್ತೆ. ನಾನೇ ಎಷ್ಟು ಜನಕ್ಕೆ ಹೇಳಿದೀನಿ, ನೀರು ಜಾಸ್ತಿ ಆಯ್ತು, ನಿಲ್ಲಿಸಿ ಅಂತ." ದಾನಮ್ಮ ಒಳಗೆ ಹೋಗಿ ನೀರು ತಂದುಕೊಟ್ಟಳು. ಆಮೇಲೆ, ಯಾರ ಅಪ್ಪಣೆಯನ್ನೂ ಕೇಳದೆ, ಅವರ ಅಡುಗೆಮನೆಯಲ್ಲಿ ಚಹಾ ಇಟ್ಟಳು.

ಚಹಾ ಕುಡಿದು ಮುಗಿಸಿ ಅವರು ವರದಿ ಕೇಳಿದರು. ಕನ್ನಡಕ ಹಾಕಿಕೊಂಡು ನಿಧಾನವಾಗಿ, ಪ್ರತಿ ಪುಟವನ್ನೂ ಓದಿದರು. ನಂತರ ಬೀದಿ ತುದಿಯ ಫೋನ್ ಬೂತಿಗೆ ಹೋಗಿ ಲಕ್ಕಪ್ಪನಿಗೆ, ಶ್ರೀನಗರದವರು ಬರುವುದು ಬೇಡ ಎಂದು ಹೇಳಿ ಬಂದರು.

"ಅವರು ಕೇಳದೇ ಕೊಳ್ತಾರೆ, ನಾನು ಹೇಳದೇ ಮಾರಬೇಕು. ನನ್ನ ಕೈಲಿ ಆಗಲ್ಲ," ಎಂದರು. "ನಿಮ್ಮ ಯಜಮಾನರನ್ನ ಕರ್ಕೊಂಡು ಬನ್ನಿ. ಮುಂದಿನ ಮನೆಗೆ ಮಾತ್ರ ಬೆಲೆ ಹೇಳ್ತೀನಿ. ಹಿಂದಿನದು ಮಣ್ಣು ಅಂತ ತಿಳ್ಕೊಳ್ಳಿ."

"ವಿಚಾರ ಮಾಡಿ ಹೇಳ್ತೀವ್ರಿ," ಎಂದಳು ದಾನಮ್ಮ. ಖಾಲಿ ಲೋಟಗಳನ್ನು ತೊಳೆದಿಟ್ಟು ಬಸ್ಸಿಗೆ ಹೊರಟಳು.

ಮುಂದಿನ ಭಾನುವಾರ ಬಸವಂತ, ದಾನಮ್ಮ, ಉಮಾಶ್ರೀ ಮೂವರೂ ಬಂದರು. ಉಮಾಶ್ರೀ ಯಾರೂ ತಾರಸಿಯ ನಡುವಿಗೆ ಕಾಲಿಡದಂತೆ ಮುಂದಿನ ಮನೆಯ ತಾರಸಿಯಿಂದ ಹಲಗೆ ಹಾಕಿಸಿ, ಒಳಗೆ ಸೂರಿಗೆ ಮರದ ಕಂಬಗಳ ಆಸರೆ ಕೊಡಿಸಿ, ಕುಂಡಗಳನ್ನು ಅಂಚಿನಿಂದ ಒಂದೊಂದಾಗಿ ಇಳಿಸಲು ಬಿಟ್ಟಳು. ಮೊದಮೊದಲು ತಿಮ್ಮರಾಯಪ್ಪ ಅವಳೊಂದಿಗೆ ಮಾತಾಡಲು ಸಂಕೋಚಪಟ್ಟರು. ಆಮೇಲೆ ಒಂದು ಜರಿಗಿಡದ ಕುಂಡವನ್ನು ಪಕ್ಕಕ್ಕಿಟ್ಟು, "ಇದು ನಿಮಗಮ್ಮ. ರೂಮಲ್ಲಿಡಿ, ಬಿಸಿಲು ಬೇಡ. ನೀರು ಸ್ವಲ್ಪವೇ," ಎಂದರು. ಉಮಾಶ್ರೀ ನಕ್ಕಳು, ಅವರೂ ನಕ್ಕರು. ದಾನಮ್ಮ ಅವಳ ಪಕ್ಕಕ್ಕೆ ಹೋಗಿ ನಿಂತು, "ಮೊನ್ನೆ ನಿನ್ನ ಕೂಡ ನೆಟ್ಟಗ ಮಾತಾಡ್ಲಿಲ್ಲ, ತಂಗಿ," ಎಂದಳು. "ಗೊತ್ತಾತು. ರೊಟ್ಟಿ ಎಣಿಸಿ ಕಟ್ಟಿದ್ರಿ, ಯಾವಾಗ್ಲೂ ಒಂದು ಜಾಸ್ತಿ ಇರತಿತ್ತು," ಎಂದು ಉಮಾಶ್ರೀ ಕುಂಡ ಎತ್ತಿಕೊಂಡು ಹೋದಳು.

ಮಳೆಗಾಲದ ಮೊದಲಿಗೆ ಮನೆ ಅವರ ಹೆಸರಿಗಾಯಿತು. ಕಾಗದಪತ್ರ ಮುಗಿದ ದಿನವೇ ತಿಮ್ಮರಾಯಪ್ಪ ತಮ್ಮ ಗಿಡಗಳನ್ನು ಲಾರಿಗೆ ಹೇರಿಸಿ, ತಾವೂ ಡ್ರೈವರ್ ಪಕ್ಕ ಕೂತು ಕನಕಪುರ ರಸ್ತೆ ಹಿಡಿದರು. ವೈರಿಂಗ್ ಆಯಿತು, ಬಚ್ಚಲಿನ ಪೈಪು ಆಯಿತು. ಹಿಂದಿನ ಕೋಣೆಯನ್ನು ಕೆಡವಿದಾಗ ಹಿತ್ತಲಿಗೆ ಇಷ್ಟು ಆಕಾಶವಿತ್ತೇ ಎನ್ನಿಸುವಂತಾಯಿತು. ಶ್ರಾವಣದ ಹೊತ್ತಿಗೆ ಅದೇ ಜಾಗದಲ್ಲಿ ಹೊಸ ಕೋಣೆಯ ಗೋಡೆಗಳು ಸೊಂಟದ ಮಟ್ಟಕ್ಕೆ ಎದ್ದವು.

ಒಂದು ಬೆಳಿಗ್ಗೆ ಮೇಸ್ತ್ರಿ ಚಿನ್ನಪ್ಪ ಕರಣೆ ಕೈಯಲ್ಲಿ ಹಿಡಿದೇ ಅಡುಗೆಮನೆ ಬಾಗಿಲಿಗೆ ಬಂದ. "ಅಕ್ಕಾ, ಕಿಟಕಿ ಎಲ್ಲಿ ಬಿಡ್ಲಿ?"

ದಾನಮ್ಮ ಬಸವಂತನನ್ನು ನೋಡಿದಳು. "ನಿನ್ನ ಕೋಣಿ. ನೀನಾ ಹೇಳು," ಎಂದು ಅವನು ಕೆಲಸಕ್ಕೆ ಹೊರಟುಹೋದ.

ಇದುವರೆಗೆ ಇದ್ದ ಮನೆಗಳಲ್ಲೆಲ್ಲ ಕಿಟಕಿಗಳು ಎಲ್ಲಿದ್ದವೋ ಅಲ್ಲಿದ್ದವು. ಅವು ಬೇರೆ ಕಡೆ ಇರಬಹುದಿತ್ತು ಎಂದು ಅವಳಿಗೆ ಹೊಳೆದದ್ದೂ ಇಲ್ಲ. ಅವಳು ಹಿತ್ತಲಿಗೆ ಬಂದು ಅರ್ಧ ಎದ್ದ ಗೋಡೆಗಳ ನಡುವೆ ನಿಂತಳು. ಕೆರೆಯ ಕಡೆಯಿಂದ ಗಾಳಿ ಬರುತ್ತಿತ್ತು. ಬಿಸಿಲು ಇನ್ನೂ ಪಕ್ಕದ ಮನೆಯ ನೀರಿನ ಟ್ಯಾಂಕಿನ ಹಿಂದೆಯೇ ಇತ್ತು.

"ಸ್ವಲ್ಪ ತಡೀರಿ," ಎಂದಳು ಚಿನ್ನಪ್ಪನಿಗೆ. "ಬಿಸಲು ಎಲ್ಲೆಲ್ಲಿ ಬರ್ತೈತಿ ನೋಡಿ ಹೇಳ್ತೀನಿ."

ಚಿನ್ನಪ್ಪ ಬೀಡಿ ಹಚ್ಚಿ ಮರಳಿನ ಗುಡ್ಡೆಯ ಮೇಲೆ ಕೂತ. ದಾನಮ್ಮ ಇಟ್ಟಿಗೆಯ ರಾಶಿಯ ಮೇಲೆ ಕೂತು ಕಾಯತೊಡಗಿದಳು. ಅವಳಿಗೆ ಅವಸರವೇನೂ ಇರಲಿಲ್ಲ.